ಚಿಲ್ಲರೆ

ಆರ್ಡರ್ ಬರೆದುಕೊಂಡು ಹೋದಮೇಲೆ, ತಟ್ಟೆ ಬರುವುದಕ್ಕೆ ಮೊದಲು
ಒಂದು ಹನ್ನೆರಡು ನಿಮಿಷ.
ಅಷ್ಟೇ ನನ್ನ ರಾಜ್ಯಭಾರ.
ವಿಜಯನಗರದ ಈ ಮೊದಲ ಮಹಡಿಯ ಹೋಟೆಲಿನಲ್ಲಿ
ಬಾಣಲೆ ಎರಡೇ, ಟೇಬಲ್ಲು ಹತ್ತೊಂಬತ್ತು.
ತಡವನ್ನು ಮಾಯ ಮಾಡಪ್ಪ, ಅಂದಿದ್ದರು ಮಾಲೀಕರು,
ಶನಿವಾರ ಭಾನುವಾರ, ರಾತ್ರಿ ಊಟ ಬಿಟ್ಟು ಎಂಟುನೂರು.

ಮೆನು ಕಾರ್ಡಿನ ಮರೆಯಿಂದ ಮೂಗಿಗೊಂದು ಕೆಂಪು ಸ್ಪಂಜು,
ಫಿಂಗರ್ ಬೌಲಿನ ನಿಂಬೆಹೋಳು ಅಪ್ಪನ ಜೇಬಿನಲ್ಲಿ,
"ಇದನ್ನೂ ಪಾರ್ಸಲ್ ಮಾಡಿಸಿಕೊಂಡ್ರಾ ಸಾರ್?"
ನಗುತ್ತಾರೆ. ನಗುವಾಗ ಕಣ್ಣು ಒಂದು ಕ್ಷಣ ಮುಚ್ಚುತ್ತದೆ.
ಕಸುಬೆಲ್ಲ ಇರುವುದು ಆ ರೆಪ್ಪೆಯ ಹಿಂದೆ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದಂತೆ, ದಾನಿಗಳ ಮಾತು.
ನಮ್ಮಲ್ಲಿ ಎಡಗೈಗೊಂದಕ್ಕೇ ತಿಳಿದಿರಬೇಕು.

ಎಲ್ಲ ದಿನವೂ ನಗುವುದಿಲ್ಲ, ಹೇಳಿಬಿಡುತ್ತೇನೆ.
ಜಗಳವಾಡಿ ಬಂದ ಜೋಡಿಯ ನಡುವೆ ಪಾರಿವಾಳ ಹಾರಿಸಿದರೂ ದಂಡ.
ಒಬ್ಬರು ಇಸ್ಪೀಟೆಲೆ ಆರಿಸದೆ ಕೇಳಿದ್ದರು,
"ಈ ಚಿಲ್ಲರೆ ಕೆಲಸ ಬಿಟ್ಟು ಬೇರೇನ್ ಮಾಡ್ತೀರಿ?"
ಗ್ಯಾಸ್ ಏಜೆನ್ಸಿಯಲ್ಲಿ ಲೆಕ್ಕ ಬರೀತೀನಿ, ಅಂದೆ.
ಅವತ್ತು ಸಂಜೆಯೆಲ್ಲ ಅವರು ನಕ್ಕದ್ದು ಅದೊಂದಕ್ಕೇ.

ನಿನ್ನೆ ಏಳನೇ ಟೇಬಲ್ಲು. ಅಜ್ಜಿಯ ಹುಟ್ಟುಹಬ್ಬ.
ಗಂಗಹನುಮಕ್ಕ, ಎಪ್ಪತ್ತು ತುಂಬಿತು, ಮೊಮ್ಮಗಳು ಹೇಳಿದಳು.
"ಅಜ್ಜಿ, ಐದು ರೂಪಾಯಿ ಕೊಡಿ, ಹತ್ತು ಮಾಡ್ತೀನಿ,
ಬ್ಯಾಂಕಿನೋರ ಕಿವಿಗೆ ಬೀಳದೆ ಇರಲಿ."
ಬಲದಲ್ಲಿ ತೋರಿಸಿದೆ. ಎಡದೊಳಗೆ ಹಾಕಿದೆ,
ಹಾಕಿದ ಹಾಗೆ ಮಾಡಿದೆ. ಊದಿದೆ, ಬಿಚ್ಚಿದೆ, ಇಲ್ಲ!
ಮಕ್ಕಳು ಹೋ ಅಂದವು. ಸೊಸೆ ಮೊಬೈಲು ಮೇಲೆತ್ತಿದಳು.
ಅಜ್ಜಿ ಮಾತ್ರ ನನ್ನ ಬಲಗೈಯನ್ನೇ ನೋಡುತ್ತಿದ್ದರು,
ಟಿಕೆಟ್ಟು ತಗೊಳ್ಳದೆ ಕಿಟಕಿಯಾಚೆ ಮುಖ ಮಾಡಿದವನನ್ನು
ನೋಡುವ ಹಾಗೆ.

ಬಾಯಿ ಬಿಡಲಿಲ್ಲ. ಅದು ಅವರ ದೊಡ್ಡತನ.
"ಎಲ್ಲಿ, ಇತ್ತ ಕೊಡಪ್ಪ" ಅಂತ ನನ್ನ ಎರಡೂ ಕೈ ಹಿಡಿದು
ಬದನೆಕಾಯಿ ಅಮುಕಿ ನೋಡುವಂತೆ ಅಮುಕಿ, ಬಿಟ್ಟರು.
ಸರಿ, ಅವರ ಕಿವಿಯ ಹಿಂದಿನಿಂದ ನಾಣ್ಯ ತೆಗೆಯುವ ಹೊತ್ತು.
ಕೈ ಚಾಚಿದೆ.
ಬಲ ಬರಿದು.
ಎಡ ಬರಿದು.
ನಾನು ಯಾರಿಗೂ ಹೇಳಬಾರದ ಇನ್ನೊಂದು ಜಾಗವಿದೆ, ಅಲ್ಲೂ ಬರಿದು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ
ನನ್ನ ಕಣ್ಣೆದುರೇ ಏನೋ ನಿಜವಾಗಿ ಮಾಯವಾಗಿತ್ತು.
ಮಂಚೂರಿ ಬೇಗ ಬರಲಿ ದೇವರೇ, ಅಂದುಕೊಂಡೆ.

ಅಜ್ಜಿ ಚೀಲದಿಂದ ಪೆನ್ನು ತೆಗೆದು
ಟಿಶ್ಯೂ ಕಾಗದದ ಮೇಲೆ ೫ ಎಂದು ಗೀಚಿ,
ಸುತ್ತ ಒಂದು ಸೊನ್ನೆ ಎಳೆದು, ನನ್ನ ಕಡೆ ತಳ್ಳಿದರು:
"ಇಳಿಯೋವಾಗ ಇಸ್ಕೊಳ್ಳಿ."

ಮಗನಿಗೆ ನೀರು ನೆತ್ತಿಗೇರಿತು.
"ನಮ್ಮಜ್ಜಿ ಕಂಡಕ್ಟರ್ ಆಗಿದ್ರು ಅಂಕಲ್,
ಮೆಜೆಸ್ಟಿಕ್ಕು ಕೆಂಗೇರಿ, ಇಪ್ಪತ್ತೆರಡು ವರ್ಷ!"
ಅಂದರೆ ಒಂದು ಕೈ ಕಂಬಿಗೆ, ಬೆರಳ ಸಂದಿಯಲ್ಲಿ ಉದ್ದುದ್ದ ಮಡಿಸಿದ ನೋಟು,
ಬಾಯಲ್ಲಿ ಸೀಟಿ, ಕಂಕುಳಲ್ಲಿ ಚೀಲ,
ಸುತ್ತ ಎಂಬತ್ತು ಜನ, ಒಬ್ಬರ ಮುಖದಲ್ಲೂ ನಗೆಯಿಲ್ಲ.
ಊರಿಗೆ ಊರೇ ಕಂಡ ಅತಿ ದೊಡ್ಡ ಕಣ್ಕಟ್ಟು
ಟಿಕೆಟ್ಟಿನ ಬೆನ್ನ ಮೇಲೆ ಬರೆದ ಚಿಲ್ಲರೆ.
ನಾವು ಮರೆತು ಇಳಿದ ಎಷ್ಟು ಸ್ಟಾಪುಗಳು.

ತಟ್ಟೆ ಬಂದವು. ನಾನು ಸರಿಯುವಾಗ ತೋಳು ಹಿಡಿದು, ಸಣ್ಣ ದನಿಯಲ್ಲಿ:
"ಹೆಬ್ಬೆಟ್ಟು ಬಿಗಿ ಜಾಸ್ತಿ ಮಗಾ.
ಬಚ್ಚಿಟ್ಟಿದ್ದನ್ನ ಅದೇ ಚಾಡಿ ಹೇಳುತ್ತೆ.
ಬ್ರೇಕ್ ಹಾಕಿದ್ರೂ ಬೀಳಬಾರದು,
ಹಿಡ್ಕೊಂಡಿದೀಯ ಅಂತ್ಲೂ ಕಾಣಬಾರದು."

ಅವರು ಹೊರಟಾಗ ಮೆಟ್ಟಿಲ ತುದಿಯಲ್ಲಿ ನಿಂತೆ, ಕೈಯಲ್ಲಿ ಟಿಶ್ಯೂ.
ಮಂಡಿನೋವು, ಒಂದೊಂದೇ ಮೆಟ್ಟಿಲು.
ದಾಟಿ ಹೋದರು. ಕೊಡಲಿಲ್ಲ.
ಆಮೇಲೆ ಹೊಳೆಯಿತು, ಐದು ರೂಪಾಯಿ ಅವರದೇ.

ರಾತ್ರಿ ಕೊನೆಯ ಬಸ್ಸಿನಲ್ಲಿ ಹೆಬ್ಬೆಟ್ಟು ಸಡಿಲ ಬಿಟ್ಟು ಕೂತೆ.
ನಾಗರಬಾವಿ ಸರ್ಕಲ್ ದಾಟಿದ ಮೇಲೆ ಹಂಪು,
ಜಾರಿತು ನಾಣ್ಯ, ಸೀಟಿನಡಿ ಉರುಳಿತು.
ಮುಂದೆ ಕೂತವರು ಕಾಲು ಎತ್ತಿಕೊಂಡರು,
ನಿದ್ದೆಯಲ್ಲೇ.