ಏಳು ಹೇಂಟೆಗಳ ತೂಕ

ಝುವೈನಾ ಅಜ್ಜಿಯ ಕೋಳಿಗಳಿಗೆ ಹೊಟ್ಟೆಹುಳ.
ಹಿಕ್ಕೆಯಲ್ಲಿ ಬಿಳಿ ನೂಲಿನೆಳೆ ಮಿಸುಕಿದ್ದನ್ನು
ಮೊದಲು ಕಂಡವನು ನಾನೇ.
ಸೋಹಾರಿನ ಈ ಮನೆಗೆ ಅಡುಗೆಯವನೂ ನಾನೇ,
ಹಿತ್ತಿಲು ಗುಡಿಸುವವನೂ.
"ಬದ್ಮಯ್ಯಾ" ಎಂದಳು ಅಜ್ಜಿ.
ಅವಳ ನಾಲಗೆಗೆ ಪಕಾರ ಹತ್ತದು,
ಹನ್ನೊಂದು ವರ್ಷದಿಂದ ಪದ್ಮಯ್ಯ ಇಲ್ಲಿ ಬದ್ಮಯ್ಯ.
"ಔಷಧಿ ತಾ, ಹುಡುಗಿಯರು ಸೊರಗಿದ್ದಾರೆ."

ಸೂಡಾನಿನ ಡಾಕ್ಟರ್ ಬಾಬಿಕರ್
ಬೆರಳುದ್ದದ ಬಾಟಲಿ ಕೊಟ್ಟ.
ತೂಕ ನೋಡಿ ಹಾಕು,
ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಾಕು,
ನಾನು ಹೇಳುವ ತನಕ ಮೊಟ್ಟೆ ಮುಟ್ಟಬೇಡಿ ಅಂದ.

ಕೋಳಿ ತೂಗಲು ತಕ್ಕಡಿ ಎಲ್ಲಿ?
ಮಂಚದಡಿಯ ಪೆಟ್ಟಿಗೆಯಲ್ಲಿತ್ತು ನನ್ನ ಲಗೇಜಿನ ಕೊಕ್ಕೆ.
ಎರಡು ವರ್ಷಕ್ಕೊಮ್ಮೆ ರಜೆಗೆ ಮಾತ್ರ ಹೊರಬರುವುದು,
ಟ್ಯಾಂಗು, ಬಾದಾಮಿ, ಹುಲಿ ಚಿತ್ರದ ಕಂಬಳಿ,
ಮೂವತ್ತು ಕಿಲೋ ದಾಟದಂತೆ
ತೆಗೆದು ಹಾಕಿ, ಹಾಕಿ ತೆಗೆದು ತೂಗಿದ ಕೊಕ್ಕೆ.
ಈಗ ಅದಕ್ಕೆ ದಿಂಬಿನ ಚೀಲ,
ಚೀಲದೊಳಗೆ ಕರಿ ಹೇಂಟೆ:
ಒಂದು ಕಿಲೋ ಎಂಟುನೂರು.
ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಬರೆದೆ.

ನೀರಿಗೆ ಬೆರೆಸಿದೆ.
ಏಳೂ ಬಂದವು, ಬಗ್ಗಿದವು, ಒಂದು ಕಣ್ಣಲ್ಲಿ ನೋಡಿದವು,
ಹೋಗಿ ಏಸಿ ಪೈಪಿನಡಿ ಸಾಲು ನಿಂತು
ತೊಟ್ಟಿಕ್ಕುವ ನೀರು ಕುಡಿದವು.
ಪೈಪಿಗೆ ಬಕೆಟ್ ಇಟ್ಟೆ.
ಬಕೆಟ್ಟಿನ ಅಂಚಿಗೆ ಹತ್ತಿ ಕುಡಿದವು.

ಮೊಸರಲ್ಲಿ ಕಲಸಿದೆ. ಕಾಲಲ್ಲಿ ಕೆದರಿ ಚೆಲ್ಲಿದವು.
ಬೀಜ ತೆಗೆದ ಖರ್ಜೂರದ ಹೊಟ್ಟೆಗೆ ತುಂಬಿಟ್ಟೆ.
ಸುತ್ತಲಿನ ತಿರುಳೆಲ್ಲ ಕುಕ್ಕಿ ಮುಗಿಸಿ
ನಡುವಿನ ಬಿಳಿ ಮುದ್ದೆ ಮಾತ್ರ
ನೆಲದ ಮೇಲೆ ಬಿಟ್ಟಿದ್ದವು, ಅಚ್ಚುಕಟ್ಟಾಗಿ,
ನನಗೆಂದೇ ಎತ್ತಿಟ್ಟಂತೆ.

ಬಂದ ಹೊಸದರಲ್ಲಿ, ಹೆಲ್ತ್ ಕಾರ್ಡಿನ ಕ್ಯೂನಲ್ಲಿ,
ಕಿಟಕಿಯಿಂದ ಒಂದು ಕೈ ಗುಳಿಗೆ ನೀಡಿತ್ತು.
ಅಡುಗೆಯವರೆಲ್ಲ ನುಂಗಬೇಕು ಎಂದರು.
ಯಾತಕ್ಕೆ ಎಂದು ಕೇಳಲಿಲ್ಲ ನಾನು, ಮೂಸಲೂ ಇಲ್ಲ.
ಹಿಂದಿನವನು ಬೆನ್ನಿಗೆ ಒತ್ತುತ್ತಿದ್ದ.
ಲೋಟ ಸಾಲದೆ ಒಣಗಂಟಲಲ್ಲೇ ಇಳಿಸಿದೆ.
ಕೋಳಿಗಿರುವ ಬಿಗುಮಾನ ನೋಡಿ
ಸಿಟ್ಟು ಬಂತು, ಆಮೇಲೆ ನಗು.

ಬೇಲಿಯ ಮೂಲೆ ಕೆದರುವಾಗ ಸಿಕ್ಕವು
ಗುಲಾಬಿ ಬಣ್ಣದ ಗುಳಿಗೆ, ಒಂಬತ್ತೋ ಹತ್ತೋ.
ಗುರುತು ಹತ್ತಿತು. ಅಜ್ಜಿಯ ಬೀಪಿಯವು.
ಬೆಳಿಗ್ಗೆ ನಾನು ಅಂಗೈಗೆ ಕೊಡುತ್ತೇನೆ,
"ಅಲ್ ಹಮ್ದುಲಿಲ್ಲಾ" ಎಂದು ಕಾಫಿ ಗುಟುಕರಿಸುತ್ತಾಳೆ,
ಆಮೇಲೆ ಕಾಳು ಚೆಲ್ಲಲು ಹಿತ್ತಿಲಿಗೆ ಬರುತ್ತಾಳೆ.
ಕೋಳಿಗಳು ಅದನ್ನೂ ಮುಟ್ಟಿರಲಿಲ್ಲ.

ತೋರಿಸಿದೆ. ಬಹಳ ಹೊತ್ತು ನೋಡಿ
"ಹುಡುಗಿಯರು ಜಾಣೆಯರು" ಎಂದಳು.
ಆ ರಾತ್ರಿ ತಾನೇ ಟಾರ್ಚು ಹಿಡಿದು ಬಂದಳು.

ಕತ್ತಲಲ್ಲಿ ಕೋಳಿ ಬೇರೆಯೇ ಜೀವ.
ಅಡ್ಡೆಯಿಂದ ಹಣ್ಣು ಕಿತ್ತಂತೆ ಕಿತ್ತು
ಟವೆಲಲ್ಲಿ ಸುತ್ತಿ ತೊಡೆಯ ಮೇಲಿಟ್ಟರೆ
ಎದೆಯ ಬಡಿತ ಬೆರಳಿಗೆ ಸಿಗುತ್ತದೆ, ಬಿಸಿಯಾಗಿ.
ಕೊಕ್ಕಿನ ಬದಿಗೆ ಹನಿ, ಒಂದು, ಕಾದು ಇನ್ನೊಂದು.
ನುಂಗಿತು. ಅಜ್ಜಿ ಬಿಸ್ಮಿಲ್ಲಾ ಅಂದಳು.
ನುಂಗಿತು.
ಏಳನೆಯದು, ಬೋಳು ಕುತ್ತಿಗೆಯದು, ತಲೆ ಕೊಡವಿತು.
ಅರ್ಧ ನನ್ನ ಅಂಗಿಗೆ, ಅರ್ಧ ಅದಕ್ಕೆ,
ಯಾವ ಅರ್ಧ ಎಷ್ಟೆಂದು ಯಾರಿಗೆ ಗೊತ್ತು.
ಒಳಗೆ ಹೋಗಿ ಅಜ್ಜಿಗೂ ಗುಳಿಗೆ ಕೊಟ್ಟೆ,
ಬಾಯಿ ತೆರೆದು ತೋರಿಸು ಎಂದೆ. ತೋರಿಸಿದಳು.

ಮೊಟ್ಟೆಗಳನ್ನು ಪೆನ್ಸಿಲಿನಲ್ಲಿ ತಾರೀಕು ಬರೆದು
ಬೇವಿನ ಬುಡಕ್ಕೆ ಹೂಳುತ್ತಿದ್ದೇನೆ.
ಇಂದು ಹತ್ತನೆಯ ದಿನ.
ಮಗ್ರಿಬ್ ಮುಗಿದು ಬಾಟಲಿ, ಟವೆಲು ಹಿಡಿದು ಹೋದರೆ
ಅಡ್ಡೆ ಖಾಲಿ.
ತಲೆಯೆತ್ತಿದೆ: ತಾರಸಿಯ ಡಿಶ್ ಆಂಟೆನಾದ ಅಂಚಿನಲ್ಲಿ
ಏಳು ಉಂಡೆಗಳು, ಸಮುದ್ರದ ಗಾಳಿಗೆ ಗರಿ ಉಬ್ಬಿಸಿ.
ಕೆಳಗಿನಿಂದ ಅಜ್ಜಿ ಟಾರ್ಚು ಬಿಡುತ್ತಾಳೆ.
"ಬದ್ಮಯ್ಯಾ, ಏಣಿ ಎಲ್ಲಿಟ್ಟಿದ್ದೀ?"