ಹುಟ್ಟಿದ ವಾರ

ಹಲ್ಲು ಇನ್ನಾ ಗಟ್ಟಿ ಅದಾವ, ಎಂದ ಜಯವಂತ,
ನೂರು ಫಿಲ್ಸಿನ ನಾಣ್ಯ ಟೈರಿನ ಗೀರಿಗೆ ತೂರಿಸಿ.
ನೋಡು, ಅರ್ಧ ಮುಳುಗ್ತು. ಎರಡು ಬ್ಯಾಸಗಿ ನಡೀತದ.

ನಾನು ಹಲ್ಲು ನೋಡುವವಳಲ್ಲ.
ಹದಿನಾರು ವರ್ಷ ಮಲಗಿದವರ ಹಿಮ್ಮಡಿ ನೋಡಿದವಳು,
ಚರ್ಮ ಮೊದಲು ಎಲ್ಲಿ ಸೋಲುತ್ತದೆಂದು ಬಲ್ಲವಳು.
ಕುಕ್ಕರಗಾಲಲ್ಲಿ ಕೂತು ಟೈರಿನ ಕೆನ್ನೆಗೆ ಹೆಬ್ಬೆರಳೊತ್ತಿದೆ:
ಕೂದಲೆಳೆಯ ಬಿರುಕು, ಸುತ್ತಲೂ,
ಕಡಕ್ ರೊಟ್ಟಿಯ ಅಂಚಿನ ಹಾಗೆ.
ಹಿಂದಿನ ಎಡಗಾಲಿಗೆ, ಇಮ್ಮಾನು ಕೂರುವ ಬದಿಗೆ,
ಅರ್ಧ ನಿಂಬೆಹಣ್ಣಿನಷ್ಟು ಬಾವು.

ಶುವೈಖ್‌ನ ಗ್ಯಾರೇಜು ಸಾಲು. ಜೂನ್.
ಸಂಜೆ ಏಳಾದರೂ ಡಾಂಬರಿನ ಜ್ವರ ಇಳಿದಿರಲಿಲ್ಲ.
ಅಂಗಡಿಯ ಶೇರ್ ಜಮಾನ್ ಸ್ವಾತ್ ಕಣಿವೆಯವನು;
ನನ್ನ ಬೀದರಿನ ಉರ್ದು ಕೇಳಿ,
ನಾನು ನಕ್ಕೋ ಅಂದಾಗಲೆಲ್ಲ ನಕ್ಕ.

ಮೂರು ತಂದು ನಿಲ್ಲಿಸಿದ.
ಚೀನಾದ್ದು ಹನ್ನೊಂದು ದಿನಾರ್. ಇಂಡೋನೇಷ್ಯಾದ್ದು ಹದಿನೇಳು.
ಜಪಾನಿನದು ಇಪ್ಪತ್ತಾರು ಎನ್ನುವಾಗ ದನಿ ತಗ್ಗಿಸಿದ,
ದೊಡ್ಡ ಮನೆತನದ ಸಂಬಂಧ ಹೇಳುವ ಹಾಗೆ.
ನಾಲ್ಕರಿಂದ ಗುಣಿಸಿದೆ. ರೂಪಾಯಿಗೆ ತಿರುಗಿಸಲಿಲ್ಲ;
ತಿರುಗಿಸುತ್ತ ಕೂತರೆ ಈ ಊರಲ್ಲಿ
ಟೊಮ್ಯಾಟೊ ಕೂಡ ಕೊಳ್ಳಲಾಗದು.

ಹಳೆಯದೇ ಸಾಕೆಂದಿದ್ದವನು ಈಗ
ಜಪಾನಿನದರ ಬೆನ್ನ ಮೇಲೆ ಕೈಯಾಡಿಸುತ್ತಿದ್ದ.
ನಾನು ಮೊಬೈಲಿನ ಬೆಳಕು ಬಿಟ್ಟು ತಿರುಗಿಸಿದೆ,
ರಾತ್ರಿಪಾಳಿಯಲ್ಲಿ ಸಲೈನ್ ಬಾಟಲಿ ತಿರುಗಿಸುವ ಹಾಗೆ.
ಔಷಧಿಗೆ ಸಾಯುವ ದಿನ ಬರೆದಿರುತ್ತಾರೆ,
ಟೈರಿಗೆ ಹುಟ್ಟಿದ ವಾರ ಮಾತ್ರ.
ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ:
ನಲವತ್ತೊಂದನೆಯ ವಾರ, ನಾಲ್ಕು ವರ್ಷದ ಹಿಂದಿನದು.
ಚೆಲುವ ನಾಲ್ಕು ಬೇಸಿಗೆ ತಗಡಿನ ಗೋದಾಮಿನಲ್ಲಿ ಬೆಂದಿದ್ದ,
ಒಂದು ಗಜವೂ ಓಡದೆ.

ಹೊಸದೇ ಬೆಹನ್, ಕಾಗದ ಸಹ ಬಿಚ್ಚಿಲ್ಲ.
ಬಿಚ್ಚದಿದ್ದರೂ ವಯಸ್ಸಾಗತದಪ್ಪ, ಎಂದೆ.
ನನ್ನ ರೇಷ್ಮೆ ಸೀರೆ ಹರಿದದ್ದು ಉಟ್ಟಲ್ಲ,
ಬೀರುವಿನೊಳಗೆ, ಮಡಿಕೆಯಲ್ಲಿ.

ಇಂಡೋನೇಷ್ಯಾದ್ದು ಈ ವರ್ಷದ ಒಂಬತ್ತನೆಯ ವಾರದ ಕೂಸು.
ಬಿಸಿ ತಾಳುವ ಗುರುತು ಎ. ಇದೇ ಇರಲಿ, ನಾಲ್ಕೂ.
ಹದಿನೇಳು ನಕ್ಕೋ.
ಹದಿನೈದೂವರೆಗೆ ಬಂತು.

ಕಾರು ಮೇಲೇರಿತು. ಹೊಸ ಟೈರಿನ ರಬ್ಬರು ಕೂದಲು ಕಿತ್ತು
ಇಮ್ಮಾನು ಮೀಸೆ ಮಾಡಿಕೊಂಡ, ಉಗುಳು ಹಚ್ಚಿ.
ಹಳೆಯವು ಒಂದೊಂದೇ ಉರುಳಿ ಗೋಡೆ ಸೇರಿದವು.
ಅಲ್ಲೊಬ್ಬ ಹುಡುಗ ಬಟ್ಟೆ ಅದ್ದಿ ಅದ್ದಿ
ಅವಕ್ಕೆ ಕಪ್ಪು ಮೆರುಗು ಬಳಿಯುತ್ತಿದ್ದ,
ಹೆಣಕ್ಕೆ ಪೌಡರು ಹಚ್ಚುವ ಹಾಗೆ.

ಯಾರಿಗೆ ಇವು?
ಇರ್ತಾರೆ ಬೆಹನ್. ತರಕಾರಿ ಗಾಡಿಯವರು, ಸಾಮಾನು ಹೊರುವವರು.
ನಿಮ್ಮ ಲೆಕ್ಕದಲ್ಲಿ ಟೈರಿಗೆ ಒಂದು ದಿನಾರ್ ಇಳಿಸ್ತೀನಿ.
ಜಯವಂತ ತಲೆಯಾಡಿಸಿಯೂ ಆಗಿತ್ತು.

ನಾವು ಚುಚ್ಚಿದ ಸೂಜಿ ಹಾಗೇ ಎಸೆಯುವುದಿಲ್ಲ.
ಹಳದಿ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಸುಡಲು ಕಳಿಸುತ್ತೇವೆ,
ಎರಡನೆಯ ಸಲ ಯಾರ ಕೈಗೂ ಸಿಗದಿರಲೆಂದು.
ಇದಕ್ಕೆಲ್ಲಿಯ ಡಬ್ಬಿ?

ಕೊಯ್ದು ಹಾಕು, ಎಂದೆ. ಬಾವಿನ ಮೇಲೇ. ನನ್ನ ಎದುರಿಗೇ.
ಈ ಸಲ ಅವನು ನಗಲಿಲ್ಲ. ಚಾಕು ತಂದ.
ಒಳಗಿನ ನೂಲು ಮೊದಲೇ ಹರಿದು ಎಳೆಎಳೆಯಾಗಿತ್ತು.
ಜಯವಂತ ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ, ಮಾತಾಡಲಿಲ್ಲ.

ಉಳಿದ ಮೂರರ ಬಗ್ಗೆ ನಾನು ಬಾಯಿ ಬಿಡಲಿಲ್ಲ.
ಮೂರು ದಿನಾರ್ ಇಳಿಯಿತು.
ಬೆಳಗಿನ ಪಾಳಿ ಇತ್ತು, ಹೊತ್ತಾಗಿತ್ತು.

ನಾಲ್ಕನೆಯ ರಿಂಗ್ ರೋಡಿನಲ್ಲಿ ಎಂಬತ್ತು ದಾಟಲಿಲ್ಲ ಅವನು,
ಹೊಸವು, ಪಳಗಲಿ ಎಂದು.
ಕೆಂಪು ದೀಪಕ್ಕೆ ಪಕ್ಕದಲ್ಲೊಂದು ಪಿಕಪ್ ಬಂದು ನಿಂತಿತು,
ಈರುಳ್ಳಿ ಚೀಲದ ಮೇಲೆ ಇಬ್ಬರು ಕೂತಿದ್ದರು,
ಕೆಳಗೆ ಗಾಲಿ ಹೊಳೆಯುತ್ತಿತ್ತು,
ಬೇಕಾದ್ದಕ್ಕಿಂತ ಹೆಚ್ಚು ಕಪ್ಪಾಗಿ.
ಹಸಿರು ಬೀಳುವವರೆಗೂ ನಾನು ಅದನ್ನೇ ನೋಡಿದೆ.