ಎರಡನೆಯ ಸಹಿ

ಬೇಲೆಕೇರಿ ಮೀನುಗಾರರ ಸೊಸೈಟಿಗೆ ನಾನು ಅಧ್ಯಕ್ಷನಾಗಿ ಹನ್ನೊಂದು ದಿನ,
ಐಸ್ ಪ್ಲಾಂಟಿನ ಕಂಪ್ರೆಸರ್ ಕೆಟ್ಟು ನಾಲ್ಕು.
ಚೆಕ್ಕಿಗೆ ನನ್ನ ಸಹಿ ಬಿದ್ದಿದೆ.
ಎರಡನೆಯದು ಖಜಾಂಚಿ ಗುಲಾಬಿ ಖಾರ್ವಿಯದು,
ಅವಳು ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೋದವಳು
ಇನ್ನು ಮಧ್ಯಾಹ್ನದ ಬಸ್ಸಿಗೇ.
ಬಂದರೂ ಅಕ್ಷರದ ಕೆಳಗೆ ಬೆರಳಿಟ್ಟು
ಒಂದೊಂದೇ ಸಾಲು ಓದುತ್ತಾಳೆ
ಬಂಗಡೆಯ ಕಿವಿರು ಎತ್ತಿ ನೋಡುವ ಹಾಗೆ.
ಅಷ್ಟರಲ್ಲಿ ಮೂರು ದೋಣಿಯ ಮೀನು ಮೆತ್ತಗೆ.

ಅದಕ್ಕೇ ಠರಾವು ಬರೆಯಲು ಕೂತಿದ್ದೆ:
ಇನ್ನು ಮುಂದೆ ಅಧ್ಯಕ್ಷರ ಒಂದೇ ಸಹಿ ಸಾಕು.
ಹೋದ ವಾರ ಕಾರವಾರದಲ್ಲಿ ನಾಯಕತ್ವ ಶಿಬಿರ.
ಕೋಟಿನವನೊಬ್ಬ ಪರದೆಯ ಮೇಲೆ ಬಾಣ ಬಿಡಿಸಿ
ವೇಗವೇ ನಾಯಕನ ಗುಣ ಎಂದಿದ್ದ.
ಊಟಕ್ಕೆ ಇಸೋಣ ಇತ್ತು.

ತಿದ್ದಲು ಹಳೆಯ ನಿಯಮಾವಳಿ ಬೇಕಿತ್ತು.
ಕಪಾಟಿನ ತಳದಲ್ಲಿ, ಜಿರಲೆ ತಿಂದ ಷೇರು ಪುಸ್ತಕದಡಿ
ಸಿಕ್ಕಿತು ಹಮ್ಮಣ್ಣ ಮಾಸ್ತರರ ನೋಟ್‌ಬುಕ್ಕು.

ಮಾಸ್ತರರೆಂದರೆ ನಮಗೆ ಗೋಡೆಯ ಮೇಲಿನ ಫೋಟೋ,
ಆಗಸ್ಟ್ ಹದಿನೈದಕ್ಕೆ ಒರೆಸುವ ಗಾಜು.
ಉಪ್ಪು ಕಾಯಿಸಿದವರು, ಜೈಲಿನಲ್ಲಿ ಕೂತು
ಫ್ರಾನ್ಸಿನ, ಅಮೆರಿಕದ ದಂಗೆಕೋರರನ್ನು ಓದಿದವರು,
ರಾಜನಿಲ್ಲದ ರಾಜ್ಯ ಹೇಗೆಂದು
ಮೇಣದಬತ್ತಿ ಮುಗಿಯುವ ತನಕ ಲೆಕ್ಕ ಹಾಕಿದವರನ್ನು.
ಅವರ ದೊಡ್ಡ ಮಾತನ್ನೆಲ್ಲ ಮಾಸ್ತರರು
ರಂಪಣಿ ಬಲೆಯ ಮಾತಿಗೆ ಇಳಿಸಿದ್ದಾರೆ:

"ಆ ಜನ ಅಧಿಕಾರವನ್ನು ಮೂರು ಪಾಲು ಮಾಡಿದರು. ಎಂತಕ್ಕೆ?
ತಾಂಡೇಲನನ್ನು ನೋಡು. ನೀರಿನ ಬಣ್ಣ ಓದುವವನು ಅವನು,
ಅವನ ಕೈ ಎದ್ದರೆ ಎಂಬತ್ತು ಜನ ಹಗ್ಗ ಎಳೆಯಬೇಕು,
ಆಗ ವಾದ ಇಲ್ಲ.
ಬಲೆ ದಡಕ್ಕೆ ಬಂತೋ, ಅವನ ಕೈ ಕೆಳಗೆ.
ಪಾಲು ಹಾಕುವವನು ಬೇರೆ,
ಅವನು ತನ್ನ ಪಾಲು ಎತ್ತುವುದು ಎಲ್ಲರದ್ದೂ ಆದ ಮೇಲೆ.
ಹಗ್ಗ ಮುಟ್ಟಿದ ಪೋರನಿಗೂ ಒಂದು ಬೊಗಸೆ."

ಚೆಂದ ಇದೆ, ವಾರ್ಷಿಕ ಸಭೆಯಲ್ಲಿ ಓದಬಹುದು
ಅಂದುಕೊಂಡು ಪುಟ ತಿರುವಿದೆ.
ಇಲ್ಲಿ ಶಾಯಿ ಬೇರೆ, ಅಕ್ಷರ ಸಣ್ಣ.

"ತೀರ್ವೆ ಕಟ್ಟಬೇಡಿ ಎಂದ ವರ್ಷ
ಬುದವಂತ ನಾಯ್ಕ ಕದ್ದು ಕಟ್ಟಿ ಬಂದ.
ಬಹಿಷ್ಕಾರದ ಚೀಟಿ ನಾನೇ ಬರೆದೆ, ನಾನೇ ಸಹಿ ಹಾಕಿದೆ.
ಸಭೆ ಕರೆಯಲು ಹೊತ್ತಿರಲಿಲ್ಲ, ಪೊಲೀಸರು ಬೆನ್ನಿಗಿದ್ದರು.
ಅವನಿಗೆ ಬಾವಿ ಇಲ್ಲ, ಬೆಂಕಿ ಇಲ್ಲ, ಮಾತಿಲ್ಲ.
ಅವನ ಹೆಂಡತಿಗೆ ಹೆರಿಗೆ ನೋವು ಬಂದ ರಾತ್ರಿ
ಸೂಲಗಿತ್ತಿ ಲಾಟೀನು ಹಿಡಿದು ನನ್ನ ಬಾಗಿಲಿಗೆ ಬಂದಳಂತೆ:
ಮಾಸ್ತರೇ, ಹೋಗಲಾ?
ನಾನು ಮನೆಯಲ್ಲಿರಲಿಲ್ಲ.
ಹೋಗು ಅನ್ನುವ ಅಧಿಕಾರ ಬೇರೆ ಯಾರಿಗೂ ಇರಲಿಲ್ಲ.
ಅದನ್ನೂ ನಾನೇ ಇಟ್ಟುಕೊಂಡಿದ್ದೆ."

ಮುಂದೆ ಅರ್ಧ ಪುಟ ಖಾಲಿ.
ಅದರ ಕೆಳಗೆ ನಿಯಮ ಹದಿನಾಲ್ಕರ ಕರಡು:
ಯಾವ ಕಾಗದಕ್ಕೂ ಎರಡು ಸಹಿ.
ಎರಡನೆಯದು ಮೊದಲನೆಯವನ ನೆಂಟರದ್ದಾಗಬಾರದು,
ಅವನಿಗೆ ಹೆದರುವವರದ್ದಂತೂ ಅಲ್ಲವೇ ಅಲ್ಲ.

ನಾನು ಮಾಸ್ತರರ ಜೊತೆ ಜಗಳಕ್ಕೇ ನಿಂತೆ.
ನಿಮ್ಮ ಕಾಲಕ್ಕೆ ಕಂಪ್ರೆಸರ್ ಇರಲಿಲ್ಲ, ಸ್ವಾಮಿ.
ಇವತ್ತೂ ಸಹಿ ಹಾಕುವವಳು ಇಲ್ಲಿಲ್ಲ,
ಇವತ್ತೂ ಬಾಗಿಲಲ್ಲಿ ಜನ ಕಾಯುತ್ತಿದ್ದಾರೆ,
ಎರಡು ಸಹಿ ಇಟ್ಟು ನೀವು ಗೆದ್ದದ್ದೇನು?
ಫೋಟೋ ಮಾತಾಡಲಿಲ್ಲ. ಗಾಜಿನ ಮೇಲೆ
ಹಲ್ಲಿಯೊಂದು ಅವರ ಟೋಪಿ ದಾಟಿ ಹೋಯಿತು.

ಎರಡೂಕಾಲಕ್ಕೆ ಗುಲಾಬಿ ಬಂದಳು,
ಖಾಲಿ ಬುಟ್ಟಿ ಹೊರಗಿಟ್ಟು, ಕೈ ತೊಳೆದು,
ಸೆರಗಿಗೆ ಒರೆಸಿ, ಕನ್ನಡಕ ಹಾಕಿ.
ಠರಾವಿನ ಹಾಳೆಯನ್ನು ನಾನು ಯಾಕೋ
ನೋಟ್‌ಬುಕ್ಕಿನಡಿ ಸರಿಸಿ ವೋಚರ್ ಮುಂದಿಟ್ಟೆ.
ಕಂಪ್ರೆಸರ್, ಹೂಂ. ಸಾಗಾಟ, ಹೂಂ. ಮಜೂರಿ, ಹೂಂ.
"ಇದೆಂತದು, ಇತರೆ ವೆಚ್ಚ?"

"ಅದು... ಶಿಬಿರಕ್ಕೆ ಹೋದ ಟ್ಯಾಕ್ಸಿ."
"ಕಾರವಾರಕ್ಕೆ ಬಸ್ ಇರ್ಲಿಲ್ವಾ?"

ಹೊರಗೆ ಕರಗಿದ ಐಸು ಗಟಾರಕ್ಕೆ ಇಳಿಯುವ ಸದ್ದು.
ಅವಳ ಬೆರಳು ಇನ್ನೂ
ಅದೇ ಸಾಲಿನ ಕೆಳಗೆ.